ಕಡಿಮೆ ಬೆಲೆಯ ಇ-ಬುಕ್ ರೀಡರ್ ಕೊಳ್ಳುವ ಮುಂಚೆ ಅದರಲ್ಲಿ ‘ಚಿತ್ರದುರ್ಗ’ ಅಂತ ಓದಿ ನೋಡಿ

ಅಪ್ಪನಿಗೆ 72 ವರ್ಷ. ಚಿತ್ರದುರ್ಗದಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಪುಸ್ತಕದ ಸಣ್ಣ ಅಕ್ಷರ ಓದುವುದು ಕಷ್ಟವಾಯಿತು, ಮೊಬೈಲ್ ಹಿಡಿದರೆ ಅರ್ಧ ಗಂಟೆಗೇ ಕಣ್ಣಲ್ಲಿ ನೀರು. ಅದಕ್ಕೇ ನಾನು ದಾವಣಗೆರೆಯಲ್ಲಿ ಕೂತು ಒಂದು ಕಡಿಮೆ ಬೆಲೆಯ ಇ-ಬುಕ್ ರೀಡರ್, ಅಂದರೆ ಪುಸ್ತಕ ಓದುವುದಕ್ಕೆಂದೇ ಇರುವ ಯಂತ್ರ, ಆರ್ಡರ್ ಮಾಡಿದೆ. ಬೆಲೆ ನೋಡಿದೆ, ಸ್ಟೋರೇಜ್ ನೋಡಿದೆ, ಬ್ಯಾಟರಿ ಎಷ್ಟು ವಾರ ಬರುತ್ತದೆ ಅಂತ ನೋಡಿದೆ. ಕನ್ನಡ ಹೇಗೆ ಕಾಣುತ್ತದೆ ಅಂತ ಮಾತ್ರ ನೋಡಲಿಲ್ಲ. ಬಸ್ಸಿನಲ್ಲಿ 60 ಕಿಲೋಮೀಟರ್ ಹೋಗಿ ಅವರ ಕೈಗೆ ಕೊಟ್ಟೆ. ಅವರು ಎರಡು ಪುಟ ತಿರುಗಿಸಿದರು, ಕನ್ನಡಕ ತೆಗೆದರು, “ಇದೇನೋ ಇದು, ಒತ್ತೆಲ್ಲ ಕಿತ್ತುಕೊಂಡು ಬಂದಾವಲ್ಲೋ” ಅಂದರು. ‘ಅಕ್ಕ’ ಅನ್ನುವುದು ‘ಅಕ್‌ಕ’ ಆಗಿತ್ತು. ‘ಚಿತ್ರದುರ್ಗ’ ಹೋಗಿ ‘ಚಿತ್‌ರದುರ್‌ಗ’ ಆಗಿತ್ತು. ಅಷ್ಟೊತ್ತಿಗೆ ವಾಪಸ್ ಕೊಡುವ ಗಡುವು ಮುಗಿದಿತ್ತು.

ಎರಡನೇ ಸಲ ಕೊಳ್ಳುವಾಗ ಕ್ರಮ ಬದಲಿಸಿದೆ. ಮೊದಲು ನಮ್ಮ ಪುಸ್ತಕಗಳು, ಆಮೇಲೆ ನಮ್ಮ ಅಕ್ಷರ, ಕೊನೆಗೆ ಯಂತ್ರ. ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಇಂಗ್ಲಿಷ್ ಪುಸ್ತಕ ಮಾತ್ರ ಓದುವವರಿಗೆ ಇದರಲ್ಲಿ ಅರ್ಧ ಬೇಕಾಗುವುದಿಲ್ಲ. ಕನ್ನಡ ಓದುವವರು, ಅದರಲ್ಲೂ ಮನೆಯ ಹಿರಿಯರಿಗೆ ತೆಗೆದುಕೊಡುವವರು, ದಯವಿಟ್ಟು ಪೂರ್ತಿ ಓದಿ.

ಹಂತ 1: ನಿಮ್ಮ ಪುಸ್ತಕ ಯಾವ ರೂಪದಲ್ಲಿವೆ?

ಒಂದು ಹಾಳೆ ತಗೊಳ್ಳಿ. ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಓದಬೇಕು ಅಂತಿರುವ ಹತ್ತು ಪುಸ್ತಕದ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಅದು ಎಲ್ಲಿ ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ ಅಂತ ಬರೆಯಿರಿ. ಇದು ಹತ್ತು ನಿಮಿಷದ ಕೆಲಸ, ಆದರೆ ಯಾವ ಯಂತ್ರ ಬೇಕು ಅನ್ನುವುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಕನ್ನಡದ ಇ-ಪುಸ್ತಕ ಆ್ಯಪ್‌ನಲ್ಲಿ ಕೊಂಡಿದ್ದೀರಾ? ಉದಾಹರಣೆಗೆ ಮೈಲ್ಯಾಂಗ್. ಅಲ್ಲಿ ಕೊಂಡ ಪುಸ್ತಕ ಆ ಆ್ಯಪ್‌ನಲ್ಲೇ ತೆರೆದುಕೊಳ್ಳುತ್ತದೆ. ಕಿಂಡಲ್, ಕೋಬೊ ತರಹದ ರೀಡರ್‌ಗಳಲ್ಲಿ ಇಂಥ ಮೊಬೈಲ್ ಆ್ಯಪ್ ಹಾಕಿಕೊಳ್ಳಲು ದಾರಿಯಿಲ್ಲ. ಆ್ಯಪ್ ಬೇಕೇ ಬೇಕು ಅಂದರೆ ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ರೀಡರ್ ನೋಡಬೇಕು, ಬೂಕ್ಸ್ ಅಂತಹವು. ಅವುಗಳ ಬೆಲೆ ಜಾಸ್ತಿ, ಬ್ಯಾಟರಿಯೂ ಬೇಗ ಇಳಿಯುತ್ತದೆ. ನಿಮ್ಮ ಹತ್ತರಲ್ಲಿ ಎಂಟು ಪುಸ್ತಕ ಆ್ಯಪ್‌ನಲ್ಲೇ ಇದ್ದರೆ, ಹಣ ಕಡಿಮೆ ಇದ್ದರೆ, ಸದ್ಯಕ್ಕೆ ರೀಡರ್ ಕೊಳ್ಳಬೇಡಿ ಅನ್ನುವುದೇ ನನ್ನ ಸಲಹೆ. ಸುಮ್ನೆ ದುಡ್ಡು ಹಾಕಿ ಮೂಲೆಯಲ್ಲಿಡುವುದು ಯಾಕೆ?

ಕಿಂಡಲ್ ಅಂಗಡಿಯನ್ನೇ ನಂಬಿಕೊಂಡಿರುವವರಿಗೆ ಒಂದು ವಿಷಯ ಗೊತ್ತಿರಲಿ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದೇ ಇದ್ದವು. ಕನ್ನಡ ಇರಲಿಲ್ಲ. ಹಾಗಾಗಿ ತಮಿಳು ಓದುವ ಗೆಳೆಯ ಅಲ್ಲಿ ಬೇಕಾದಷ್ಟು ಸಿಗುತ್ತದೆ ಅಂದರೆ ಅದು ನಮಗೂ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಹತ್ತು ಹೆಸರನ್ನು ಒಂದೊಂದಾಗಿ ಅಲ್ಲೇ ಹುಡುಕಿ ನೋಡಿ.

ಇನ್ನು ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವ ಪುಸ್ತಕಗಳು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಆಮೇಲೆ ಕೃತಿ ಎಲ್ಲರದ್ದು. ಹನ್ನೆರಡನೇ ಶತಮಾನದ ವಚನಗಳಿಗೆ ಆ ಪ್ರಶ್ನೆಯೇ ಇಲ್ಲ. ಕನ್ನಡ ವಿಕಿಸೋರ್ಸ್‌ನಿಂದ ಕೃತಿಯನ್ನು ಇಪಬ್ ಅನ್ನುವ ಇ-ಪುಸ್ತಕ ಫೈಲಿನ ರೂಪದಲ್ಲಿ ಇಳಿಸಿಕೊಳ್ಳಬಹುದು. ರೀಡರ್‌ಗೆ ಇದಕ್ಕಿಂತ ಒಳ್ಳೆಯ ರೂಪ ಇನ್ನೊಂದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ, ಫೈಲೂ ಚಿಕ್ಕದು.

ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದರೆ ಪುಟದ ಫೋಟೋ. ಅಲ್ಲಿ ಅಕ್ಷರ ದೊಡ್ಡದು ಮಾಡುವುದು ಅಂದರೆ ಫೋಟೋ ಹಿಗ್ಗಿಸುವುದು. ನಿಮ್ಮ ಪಟ್ಟಿಯಲ್ಲಿ ಇಂಥವೇ ಜಾಸ್ತಿ ಇದ್ದರೆ ಕೆಳಗೆ ಹಂತ 4 ಎರಡು ಸಲ ಓದಿ.

ಕೊನೆಯದು, ನಮ್ಮ ಕಡೆ ಬಹಳ ಜನರ ಹತ್ತಿರ ಇರುವುದು: ನುಡಿ, ಬರಹ ತಂತ್ರಾಂಶಗಳ ಕಾಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು. ಸಂಘದ ಸ್ಮರಣ ಸಂಚಿಕೆ, ಮೇಷ್ಟ್ರುಗಳ ಟಿಪ್ಪಣಿ, ಪರಿಚಯದವರ ಕವನ ಸಂಕಲನ, ಎಲ್ಲ ಹೀಗೇ ಇರುತ್ತವೆ. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಕನ್ನಡ ಕಾಣುತ್ತದೆ, ರೀಡರ್‌ಗೆ ಹಾಕಿದ ತಕ್ಷಣ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ. ಅದನ್ನು ನೋಡಿ ರೀಡರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಫೈಲನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತಕ್ಕೆ, ಬದಲಿಸಬೇಕು, ಅದಕ್ಕೆ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತು, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪಾಗುವುದು ಅಲ್ಲೇ.

ಹಂತ 2: ಒಂದು ಪುಟದ ಪರೀಕ್ಷೆ ಫೈಲ್ ಮಾಡಿಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಇದು. ಗೂಗಲ್ ಡಾಕ್ಸ್‌ನಲ್ಲಿ ಒಂದು ಪುಟ ಕನ್ನಡ ಟೈಪ್ ಮಾಡಿ, ಕಂಪ್ಯೂಟರಿನಲ್ಲಿ ತೆರೆದು ಇಪಬ್ ಆಗಿ ಇಳಿಸಿಕೊಳ್ಳಿ. ಅದನ್ನೇ ಪಿಡಿಎಫ್ ಆಗಿಯೂ ಇಳಿಸಿಕೊಳ್ಳಿ. ಎರಡನ್ನೂ ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಏನು ಟೈಪ್ ಮಾಡಬೇಕು? ಮೊದಲ ಸಾಲಿನಲ್ಲಿ ‘ಚಿತ್ರದುರ್ಗ’ ಅಂತ ಬರೆಯಿರಿ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಆ ಒಂದು ಪದದಲ್ಲಿ ಗುಣಿಸು ಇದೆ, ಕೊಂಬು ಇದೆ, ಕೆಳಗೆ ಬರುವ ರ-ಒತ್ತು ಇದೆ, ಪಕ್ಕಕ್ಕೆ ಬರುವ ಅರ್ಕಾವತ್ತೂ ಇದೆ. ‘ರ್ಗ’ ಬರೆಯುವಾಗ ನಾವು ಮೊದಲು ಟೈಪ್ ಮಾಡುವುದು ರ, ಆಮೇಲೆ ಗ. ಪರದೆಯ ಮೇಲೆ ಮಾತ್ರ ಗ ಮೊದಲು ಬಂದು ಅರ್ಕಾವತ್ತು ಅದರ ಪಕ್ಕ ಕೂರಬೇಕು. ಹೀಗೆ ಅಕ್ಷರಗಳ ಜಾಗ ಬದಲಿಸಿ ಜೋಡಿಸುವ ಕೆಲಸವನ್ನು ರೀಡರಿನ ಒಳಗಿನ ಸಾಫ್ಟ್‌ವೇರ್ ಮಾಡಬೇಕು. ಫಾಂಟ್ ಒಂದಿದ್ದರೆ ಸಾಲದು. ನನ್ನ ಮೊದಲ ರೀಡರಿನಲ್ಲಿ ಕನ್ನಡ ಫಾಂಟ್ ಇತ್ತು, ಜೋಡಿಸುವ ಕೆಲಸ ಮಾತ್ರ ಇರಲಿಲ್ಲ. ಅದಕ್ಕೇ ಒತ್ತೆಲ್ಲ ಬಿಡಿಬಿಡಿಯಾಗಿ ಬಿದ್ದಿದ್ದವು. ‘ದಾವಣಗೆರೆ’ ಅಂತ ಬರೆದು ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ ಆ ಹೆಸರಿನಲ್ಲಿ ಒಂದೂ ಒತ್ತಿಲ್ಲ. 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದ ಎರಡು ಊರು, ಅಕ್ಷರದ ಲೆಕ್ಕದಲ್ಲಿ ಎಷ್ಟು ದೂರ ನೋಡಿ.

ಎರಡನೇ ಸಾಲಿಗೆ ಎರಡೆರಡು ಒತ್ತು ಇರುವ ಪದಗಳು: ಸ್ವಾತಂತ್ರ್ಯ, ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ. ಮೂರನೇ ಸಾಲಿಗೆ ಜ್ಞಾನ, ಕ್ಷೇತ್ರ, ಕೃಷಿ, ಕೋಟೆ, ಕೈ. ‘ಕೋ’ ಅಕ್ಷರದಲ್ಲಿ ಏತ್ವ, ಕೊಂಬು, ದೀರ್ಘ ಮೂರೂ ಸರಿಯಾದ ಜಾಗದಲ್ಲಿ ಬರುತ್ತವಾ ನೋಡಬೇಕು.

ನಾಲ್ಕನೇ ಸಾಲು ಬಹಳ ಜನ ಮರೆಯುತ್ತಾರೆ. ‘ಸಾಫ್ಟ್‌ವೇರ್’ ಅಂತ ಬರೆಯಿರಿ. ಇಲ್ಲಿ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಇವೆರಡನ್ನು ಒತ್ತಾಗಿ ಸೇರಿಸಬೇಡ ಅಂತ ಹೇಳುವ ಗುರುತು. ಕೆಲವು ಯಂತ್ರಗಳಿಗೆ ಅದು ಅರ್ಥವಾಗುವುದಿಲ್ಲ. ಒಂದೋ ವ-ಒತ್ತು ಹಾಕಿಬಿಡುತ್ತವೆ, ಇಲ್ಲವೇ ಆ ಜಾಗದಲ್ಲಿ ಖಾಲಿ ಚೌಕ ತೋರಿಸುತ್ತವೆ. ಈಗಿನ ಬರಹದಲ್ಲಿ ಇಂಥ ಪದಗಳು ಪುಟಕ್ಕೆ ನಾಲ್ಕೈದಾದರೂ ಬರುತ್ತವೆ, ಪ್ರತಿ ಪುಟದಲ್ಲೂ ಚೌಕ ನೋಡುತ್ತಾ ಓದುವುದು ಹಿಂಸೆ.

ಆಮೇಲೆ ಕನ್ನಡ ಅಂಕಿಗಳು, ೧ರಿಂದ ೯ರವರೆಗೆ. ಕೊನೆಗೆ ಅರ್ಧ ಪುಟ ಸಾಮಾನ್ಯ ಗದ್ಯ, ನಿಮಗಿಷ್ಟವಾದದ್ದು.

ಈಗ ಈ ಫೈಲನ್ನು ಎಲ್ಲಿ ಓಡಿಸಿ ನೋಡುವುದು? ದಾವಣಗೆರೆಯಲ್ಲಿ ನಾನು ಕೇಳಿದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮುಟ್ಟಿ ನೋಡಲು ಒಂದೂ ರೀಡರ್ ಇರಲಿಲ್ಲ. ಕಾಲೇಜು ಹುಡುಗರ ಹತ್ತಿರ, ಐಟಿ ಕೆಲಸದಿಂದ ಊರಿಗೆ ಬಂದವರ ಹತ್ತಿರ ಇರುತ್ತದೆ. ನನಗೆ ವಿದ್ಯಾನಗರದ ಒಬ್ಬ ಪರಿಚಯದ ಹುಡುಗ ಹತ್ತು ನಿಮಿಷ ಕೊಟ್ಟ. ಅಷ್ಟು ಸಾಕು. ಫೈಲ್ ಕಳಿಸಿ, ತೆರೆದು, ಫೋಟೋ ತೆಗೆದುಕೊಳ್ಳಿ. ಹತ್ತಿರದಲ್ಲಿ ಯಾರೂ ಇಲ್ಲ ಅಂದರೆ ಬೇರೆ ಊರಲ್ಲಿ ಅದೇ ಮಾದರಿ ಇಟ್ಟುಕೊಂಡಿರುವ ಸ್ನೇಹಿತರಿಗೆ ಫೈಲ್ ಕಳಿಸಿ ಪರದೆಯ ಫೋಟೋ ಕೇಳಿ. ಸಾಫ್ಟ್‌ವೇರ್ ಅಪ್‌ಡೇಟ್ ಆಗಿರುವ ಯಂತ್ರದಲ್ಲೇ ನೋಡಬೇಕು, ಹಳೆಯದರಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ಫೈಲ್ ಸೇರಿಸುವ ದಾರಿಯೂ ಪರೀಕ್ಷೆಯ ಭಾಗವೇ. ಕೋಬೊ, ಪಾಕೆಟ್‌ಬುಕ್‌ಗಳು ಯುಎಸ್‌ಬಿ ಕೇಬಲ್ ಹಾಕಿ ಇಪಬ್ ಕಾಪಿ ಮಾಡಿದರೆ ತೆರೆಯುತ್ತವೆ. ಕಿಂಡಲ್ ಇಪಬ್ ಅನ್ನು ನೇರವಾಗಿ ತೆರೆಯುವುದಿಲ್ಲ. 2022ರಿಂದ ‘ಸೆಂಡ್ ಟು ಕಿಂಡಲ್’ ಮೂಲಕ ಕಳಿಸಿದರೆ ಅದೇ ಪರಿವರ್ತಿಸಿಕೊಳ್ಳುತ್ತದೆ, ಅದಕ್ಕೆ ಇಂಟರ್ನೆಟ್ ಬೇಕು. ಹಳ್ಳಿಯ ಮನೆಗೆ ಕೊಡುವುದಾದರೆ ಇದನ್ನು ಮೊದಲೇ ಯೋಚಿಸಿ. ಇನ್ನೊಂದು, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಿಂದ ಹಾಕುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ತೆಗೆದುಹಾಕಿತು. ಹಳೆಯ ವಿಡಿಯೋಗಳಲ್ಲಿ ಅದನ್ನು ತೋರಿಸುತ್ತಾರೆ, ಈಗ ಅದು ಇಲ್ಲ.

ಹಂತ 3: ಪರದೆಯ ಅಂಕಿಗಳನ್ನು ಕನ್ನಡದ ಕಣ್ಣಿನಿಂದ ನೋಡಿ

ಇ-ಇಂಕ್ ಪರದೆ ಅಂದರೆ ಏನು ಅಂತ ಎರಡು ಮಾತು. ಕೂದಲೆಳೆಯ ಗಾತ್ರದ ಲಕ್ಷಾಂತರ ಸಣ್ಣ ಗುಳಿಗೆಗಳು, ಅವುಗಳೊಳಗೆ ಕಪ್ಪು, ಬಿಳಿ ಕಣಗಳು. ವಿದ್ಯುತ್ ಕೊಟ್ಟಾಗ ಯಾವುದೋ ಒಂದು ಬಣ್ಣ ಮೇಲೆ ಬರುತ್ತದೆ, ಆಮೇಲೆ ವಿದ್ಯುತ್ ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮಾತ್ರ ಅದಕ್ಕೆ ವಿದ್ಯುತ್ ಬೇಕು. ಮೊಬೈಲಿನ ಹಾಗೆ ಹಿಂದಿನಿಂದ ಬೆಳಕು ಬಿಡುವುದಿಲ್ಲ. ಹೊರಗಿನ ಬೆಳಕೇ ಕಾಗದದ ಮೇಲೆ ಬಿದ್ದಂತೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕೋಟೆಯ ಮೆಟ್ಟಿಲ ಮೇಲೆ ಕೂತು ಓದಿದರೂ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ.

ಕಡಿಮೆ ಬೆಲೆಯವುಗಳಲ್ಲಿ 6 ಇಂಚಿನ ಪರದೆ ಸಾಮಾನ್ಯ. ಅದರಲ್ಲಿ ಮೂರು ಮಟ್ಟ: ಇಂಚಿಗೆ 167 ಚುಕ್ಕೆ, 212 ಚುಕ್ಕೆ, 300 ಚುಕ್ಕೆ. ಇದನ್ನೇ ಪಿಪಿಐ ಅನ್ನುವುದು. ಇಂಗ್ಲಿಷಿಗೆ 167 ನಡೆಯುತ್ತದೆ ಅಂತ ಬಹಳ ಕಡೆ ಬರೆದಿರುತ್ತಾರೆ. ನಮಗೆ ನಡೆಯುವುದಿಲ್ಲ, ಯಾಕೆ ಅಂತ ಲೆಕ್ಕ ಹಾಕಿ. ಒಂದು ಒತ್ತಕ್ಷರದ ಎತ್ತರ ಒಂದೂವರೆ ಮಿಲಿಮೀಟರ್ ಅಂದುಕೊಳ್ಳಿ. 167ರ ಪರದೆಯಲ್ಲಿ ಅದಕ್ಕೆ ಸುಮಾರು 10 ಚುಕ್ಕೆ ಸಿಗುತ್ತವೆ, 300ರ ಪರದೆಯಲ್ಲಿ ಸುಮಾರು 18. ಹತ್ತು ಚುಕ್ಕೆಯಲ್ಲಿ ‘ಷ್ಟ್ರ’ ಅನ್ನುವ ಎರಡು ಅಂತಸ್ತಿನ ಅಕ್ಷರ ಬಿಡಿಸಬೇಕು. ಟ-ಒತ್ತಿನ ಕೆಳಗೆ ರ-ಒತ್ತು ಹೋಗಿ ಒಂದು ಕಪ್ಪು ಮಚ್ಚೆಯಾಗುತ್ತದೆ. ಅಪ್ಪನ ತರಹದ ಕಣ್ಣಿಗೆ ಅದು ಊಹೆ ಮಾಡಿ ಓದುವ ಕೆಲಸ. ಬಜೆಟ್ ಎಷ್ಟೇ ಬಿಗಿ ಇದ್ದರೂ 300ಕ್ಕೆ ಹೋಗಿ, ಬೇರೆ ಏನನ್ನಾದರೂ ಬಿಟ್ಟುಕೊಡಿ. 2022ರಲ್ಲಿ ಬಂದ ಅತಿ ಸಾಧಾರಣ ಕಿಂಡಲ್‌ನಲ್ಲೂ 300 ಇದೆ, 2019ರ ಅದೇ ದರ್ಜೆಯದರಲ್ಲಿ 167 ಮಾತ್ರ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ತರಹ, ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ, ವರ್ಷ ಕೇಳಿ.

ಬಿಟ್ಟುಕೊಡಬಹುದಾದದ್ದು ಏನು ಅಂದರೆ ಸ್ಟೋರೇಜ್. ಮುನ್ನೂರು ಪುಟದ ಕನ್ನಡ ಇಪಬ್, ಚಿತ್ರಗಳಿಲ್ಲದಿದ್ದರೆ, 1 ಎಂಬಿ ಮುಟ್ಟುವುದೂ ಕಷ್ಟ. 8 ಜಿಬಿಯಲ್ಲಿ ಸಾವಿರಾರು ಪುಸ್ತಕ ಹಿಡಿಯುತ್ತವೆ. ನೀರು ತಾಗದಿರುವ ಗುಣವೂ ಬೇಕೇಬೇಕು ಅಂತಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ಪರದೆಯ ಅಂಚಿನಿಂದ ಬೆಳಕು ಹರಿಸುವ ಎಲ್‌ಇಡಿಗಳು ಇರಲೇಬೇಕು. ಹಳೆಯ ಅಗ್ಗದ ಮಾದರಿಗಳಲ್ಲಿ ಬೆಳಕೇ ಇರುವುದಿಲ್ಲ. ಸಂಜೆ ಕರೆಂಟ್ ಹೋದಾಗ ಆ ರೀಡರ್ ಮಡಚಿಡಬೇಕು. ಬೆಳಕನ್ನು ಹಳದಿಗೆ ತಿರುಗಿಸುವ ಸೌಲಭ್ಯ ಇದ್ದರೆ ರಾತ್ರಿ ಓದುವವರಿಗೆ ಹಿತ, ಆದರೆ ಅದಕ್ಕಾಗಿ ಎರಡು ಮೂರು ಸಾವಿರ ಹೆಚ್ಚು ಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಬ್ಯಾಟರಿ ‘ಆರು ವಾರ’ ಅಂತ ಬರೆದಿದ್ದರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಕಿಂಡಲ್‌ನವರ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಆಫ್, ಬೆಳಕು 13ರ ಮಟ್ಟದಲ್ಲಿ. ಅಂದರೆ ಆರು ವಾರಕ್ಕೆ ಒಟ್ಟು 21 ಗಂಟೆ ಓದು. ಅಪ್ಪ ದಿನಕ್ಕೆ ಮೂರು ಗಂಟೆ ಓದುತ್ತಾರೆ, ಹಾಗಾಗಿ ವಾರಕ್ಕೊಮ್ಮೆ ಚಾರ್ಜ್ ಮಾಡಬೇಕು. ಮೊಬೈಲ್ ಜೊತೆ ಹೋಲಿಸಿದರೆ ಇದೂ ಬಹಳ ಒಳ್ಳೆಯದೇ, ಆರು ವಾರ ಅಂತ ನಂಬಿ ಕೂರಬೇಡಿ ಅಷ್ಟೇ.

ಹಂತ 4: ಸ್ಕ್ಯಾನ್ ಮಾಡಿದ ಪುಸ್ತಕ 6 ಇಂಚಿನಲ್ಲಿ ಓದಲು ಆಗುತ್ತದಾ?

ಆಗುತ್ತದೆ, ಆದರೆ ಎಲ್ಲವೂ ಅಲ್ಲ. 6 ಇಂಚಿನ ಪರದೆ ಅಂದಾಜು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಎ4 ಪುಟ 21 ಸೆಂಟಿಮೀಟರ್ ಅಗಲ, 29.7 ಎತ್ತರ. ಅದನ್ನು ಪೂರ್ತಿ ತುಂಬಿಸಿದರೆ 12 ಪಾಯಿಂಟ್ ಅಕ್ಷರ 5 ಪಾಯಿಂಟ್ ಆಗುತ್ತದೆ. ಭೂತಗನ್ನಡಿ ಬೇಕು. ಎ4 ಪಿಡಿಎಫ್‌ಗಳನ್ನು, ಅಂದರೆ ಪರೀಕ್ಷೆ ನೋಟ್ಸ್, ಸರ್ಕಾರಿ ಆದೇಶ, ಪ್ರಬಂಧ, ಇವನ್ನೇ ಓದುವವರು 6 ಇಂಚು ಕೊಳ್ಳಲೇಬೇಡಿ. ಕೆಎಎಸ್ ಓದುತ್ತಿರುವ ಹುಡುಗರು ಕೇಳಿದಾಗಲೆಲ್ಲ ನಾನು ಹೇಳುವುದು ಇದನ್ನೇ: ಅದೇ ದುಡ್ಡಿಗೆ ಪ್ರಿಂಟ್ ತೆಗೆಸಿಕೊಳ್ಳಿ, ಇಲ್ಲವೇ 10 ಇಂಚಿನದಕ್ಕೆ ಹಣ ಕೂಡಿಡಿ.

ಹಳೆಯ ಕಾದಂಬರಿಗಳ ಪುಟ ಚಿಕ್ಕದು, ಸುಮಾರು 14 ಸೆಂಟಿಮೀಟರ್ ಅಗಲ. ಇಲ್ಲಿ ಒಂದು ಉಪಾಯ ಇದೆ. ರೀಡರನ್ನು ಅಡ್ಡ ತಿರುಗಿಸಿ. ಆಗ ನಿಮಗೆ 12 ಸೆಂಟಿಮೀಟರ್ ಅಗಲ ಸಿಗುತ್ತದೆ, ಅಕ್ಷರ ಅಚ್ಚಿನ ಗಾತ್ರದ ಸುಮಾರು 86 ಶೇಕಡಾದಷ್ಟಾಗುತ್ತದೆ. ಪುಟದ ಸುತ್ತಲಿನ ಖಾಲಿ ಅಂಚು ಕತ್ತರಿಸಿದರೆ ಹೆಚ್ಚುಕಡಿಮೆ ಅಚ್ಚಿನಷ್ಟೇ ಬರುತ್ತದೆ. ಒಂದು ಪುಟಕ್ಕೆ ಎರಡು ಸಲ ತಿರುಗಿಸಬೇಕು, ಅಷ್ಟೇ. ಕೆ2ಪಿಡಿಎಫ್ಆಪ್ಟ್ ಅನ್ನುವ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿ ಈ ಅಂಚು ಕತ್ತರಿಸುವ ಕೆಲಸ ಮಾಡಿಕೊಡುತ್ತದೆ. ಕೆಒ ರೀಡರ್ ಅನ್ನುವ ಉಚಿತ ಓದು-ತಂತ್ರಾಂಶದಲ್ಲಂತೂ ಅದು ಒಳಗೇ ಇದೆ.

ಕೆಒ ರೀಡರ್ ಬಗ್ಗೆ ಹೇಳಲೇಬೇಕು. ಮುಕ್ತ ತಂತ್ರಾಂಶ, ಕನ್ನಡದ ಒತ್ತುಗಳನ್ನು ಸರಿಯಾಗಿ ಜೋಡಿಸುತ್ತದೆ, ಬೇಕಾದ ಫಾಂಟ್ ಹಾಕಿಕೊಳ್ಳಬಹುದು. ಕೋಬೊ, ಪಾಕೆಟ್‌ಬುಕ್, ಆಂಡ್ರಾಯ್ಡ್ ರೀಡರ್‌ಗಳಲ್ಲಿ ಸುಲಭವಾಗಿ ಕೂರುತ್ತದೆ. ಕಿಂಡಲ್‌ಗೆ ಹಾಕಬೇಕಾದರೆ ಕಂಪನಿಯ ಬೀಗ ಮುರಿಯಬೇಕು. ವಾರಂಟಿ ಇರುವಾಗ ಆ ಸಾಹಸಕ್ಕೆ ಹೋಗಬೇಡಿ. ಸ್ಕ್ಯಾನ್ ಪುಸ್ತಕಗಳೇ ನಿಮ್ಮ ಓದು ಅನ್ನುವುದಾದರೆ ಇದನ್ನು ಹಾಕಲು ಬರುವ ಯಂತ್ರವನ್ನೇ ಆರಿಸಿಕೊಳ್ಳಿ.

ಹಂತ 5: ಡಬ್ಬಿ ಬಂದ ದಿನ

ಆರ್ಡರ್ ಮಾಡುವ ಮೊದಲು ‘ರಿಟರ್ನ್’ ಅಂತ ಬರೆದಿದೆಯೋ ‘ರೀಪ್ಲೇಸ್‌ಮೆಂಟ್’ ಅಂತ ಬರೆದಿದೆಯೋ ನೋಡಿ. ಎರಡನೆಯದಾದರೆ ದುಡ್ಡು ವಾಪಸ್ ಬರುವುದಿಲ್ಲ, ಅದೇ ಮಾದರಿಯ ಇನ್ನೊಂದು ಬರುತ್ತದೆ. ಕನ್ನಡವೇ ಸರಿಯಿಲ್ಲದ ಮಾದರಿ ಇನ್ನೊಂದು ಬಂದರೆ ಏನು ಪ್ರಯೋಜನ? ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿ. ಅವತ್ತೇ ಸಂಜೆ ಎಲ್ಲ ಪರೀಕ್ಷೆ ಮುಗಿಸಿ, ಹಬ್ಬಕ್ಕೆ ಕೊಡೋಣ ಅಂತ ಎತ್ತಿಡಬೇಡಿ. ನಾನು ಸೋತದ್ದು ಅಲ್ಲೇ.

ಮೊದಲು ಸಾಫ್ಟ್‌ವೇರ್ ಅಪ್‌ಡೇಟ್, ಆಮೇಲೆ ನಿಮ್ಮ ಪರೀಕ್ಷೆ ಫೈಲ್. ಚಿಕ್ಕ, ಮಧ್ಯಮ, ದೊಡ್ಡ, ಮೂರೂ ಗಾತ್ರದಲ್ಲಿ ‘ಸ್ವಾತಂತ್ರ್ಯ’ ನೋಡಿ. ಪುಸ್ತಕದ ಒಳಗೆ ಸರಿ ಇದ್ದು, ಹೆಸರಿನ ಪಟ್ಟಿಯಲ್ಲಿ ಚೌಕ ಕಾಣುವುದೂ ಉಂಟು. ಅದನ್ನು ಸಹಿಸಿಕೊಳ್ಳಬಹುದು, ಪುಸ್ತಕದ ಹೆಸರನ್ನು ಕ್ಯಾಲಿಬರ್ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಂಡರೆ ಆಯಿತು.

ದೀಪ ಆರಿಸಿ, ಕೋಣೆ ಕತ್ತಲೆ ಮಾಡಿ, ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿ. ಕೆಳಗಿನ ಅಂಚಿನಲ್ಲಿ ಸ್ವಲ್ಪ ನೆರಳು ಇದ್ದೇ ಇರುತ್ತದೆ. ಮಧ್ಯದಲ್ಲಿ ಕಲೆ, ಚುಕ್ಕೆ ಹೊಳೆಯುವುದು, ಒಂದು ಮೂಲೆ ನೀಲಿ ಇನ್ನೊಂದು ಹಳದಿ, ಇವಿದ್ದರೆ ಬದಲಾಯಿಸಿ. ಆಮೇಲೆ ಕಪ್ಪು ಜಾಸ್ತಿ ಇರುವ ಚಿತ್ರ ತೆರೆದು ಮುಂದಿನ ಪುಟಕ್ಕೆ ಹೋಗಿ. ಹಿಂದಿನ ಚಿತ್ರದ ಮಸುಕು ನೆರಳು ಕಾಣಬಹುದು, ಅದು ಈ ಪರದೆಗಳ ಸ್ವಭಾವ. ಪರದೆ ಒಮ್ಮೆ ಪೂರ್ತಿ ಮಿಣುಕಿದ ಮೇಲೂ ಉಳಿದರೆ ದೋಷ.

ನಾಲ್ಕೂ ಮೂಲೆ, ಮಧ್ಯ, ಎಲ್ಲ ಕಡೆ ಮುಟ್ಟಿ ನೋಡಿ. ಪರದೆ ಅಂಚಿಗಿಂತ ಸ್ವಲ್ಪ ಒಳಗೆ ಇಳಿದಿದ್ದರೆ ಅದು ಇನ್‌ಫ್ರಾರೆಡ್ ಟಚ್, ಅಂದರೆ ಕಣ್ಣಿಗೆ ಕಾಣದ ಬೆಳಕಿಗೆ ಬೆರಳು ಅಡ್ಡ ಬಂದಾಗ ಗುರುತಿಸುವ ಪರದೆ, ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಧೂಳು, ಕೂದಲು ಕೂತರೂ ಪುಟ ತಾನೇ ತಿರುಗುತ್ತದೆ. ನಮ್ಮ ಕಡೆಯ ಕೆಂಪು ಧೂಳಿಗೆ ಇದು ನಿಜವಾದ ತೊಂದರೆ, ವಾರಕ್ಕೊಮ್ಮೆ ಮೆತ್ತನೆಯ ಬ್ರಷ್‌ನಿಂದ ಅಂಚು ಒರೆಸಿ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಓದುವವರು ಕೈ ಒರೆಸಿಕೊಂಡೇ ಮುಟ್ಟಿ, ಎಣ್ಣೆ ಕಲೆ ಈ ಒರಟು ಪರದೆಯಿಂದ ಸುಲಭವಾಗಿ ಹೋಗುವುದಿಲ್ಲ.

ಬ್ಯಾಟರಿಗೆ ಅವಸರ ಬೇಡ. ಪುಸ್ತಕ ಹಾಕಿದ ಮೊದಲ ರಾತ್ರಿ ಅದು ಒಳಗೇ ಪದಗಳ ಪಟ್ಟಿ ಮಾಡಿಕೊಳ್ಳುತ್ತಿರುತ್ತದೆ, ಚಾರ್ಜ್ ಇಳಿಯುತ್ತದೆ. ಮೂರನೇ ದಿನ ಪೂರ್ತಿ ತುಂಬಿಸಿ, ವೈಫೈ ಆಫ್ ಮಾಡಿ, ಎರಡು ಗಂಟೆ ಓದಿ. ಮೇಲಿನ 21 ಗಂಟೆಯ ಲೆಕ್ಕದಲ್ಲಿ ನೂರರಲ್ಲಿ ಹತ್ತರಷ್ಟು ಇಳಿಯಬೇಕು. ಇಪ್ಪತ್ತು ಇಳಿದರೆ ಗಡುವಿನೊಳಗೆ ವಾಪಸ್ ಮಾಡಿ.

ಹಂತ 6: ಕನ್ನಡಕ್ಕೆ ತಕ್ಕ ಸೆಟ್ಟಿಂಗ್

ಒಳ್ಳೆಯ ಯಂತ್ರವೂ ಇಂಗ್ಲಿಷಿಗೆ ಹೊಂದಿಸಿಟ್ಟ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಕೆಟ್ಟದಾಗಿ ತೋರಿಸುತ್ತದೆ, ಹಾಗಾಗಿ ಇದನ್ನು ಮಾಡದೆ ಯಾವ ರೀಡರನ್ನೂ ತಳ್ಳಿಹಾಕಬೇಡಿ. ನೋಟೊ ಸೆರಿಫ್ ಕನ್ನಡ ಫಾಂಟ್ ಉಚಿತ. ಇಳಿಸಿಕೊಂಡು ರೀಡರಿನ ‘ಫಾಂಟ್ಸ್’ ಫೋಲ್ಡರಿಗೆ ಹಾಕಿ, ಕಿಂಡಲ್, ಕೋಬೊ ಎರಡರಲ್ಲೂ ಹೀಗೆ ಹಾಕಬಹುದು. ತೆಳು ಅಕ್ಷರ ಅನ್ನಿಸಿದರೆ ದಪ್ಪ ಮಾಡುವ ಆಯ್ಕೆ ಒಂದು ಹಂತ ಏರಿಸಿ.

ಸಾಲುಗಳ ನಡುವಿನ ಅಂತರ ಜಾಸ್ತಿ ಮಾಡಿ. ನಮ್ಮ ಒತ್ತು ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಣಿಸು ಮೇಲೆ ಏರುತ್ತದೆ, ಅಂತರ ಕಡಿಮೆ ಇದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಎರಡೂ ಅಂಚಿಗೆ ಸಾಲು ಎಳೆದು ಕೂರಿಸುವ ಆಯ್ಕೆಯನ್ನು ಆಫ್ ಮಾಡಿ, ಎಡಕ್ಕೆ ಮಾತ್ರ ಹೊಂದಿಸಿ. ಕನ್ನಡದ ಪದಗಳು ಉದ್ದ. ದೊಡ್ಡ ಅಕ್ಷರದಲ್ಲಿ 6 ಇಂಚಿನ ಸಾಲಿಗೆ ಮೂರು ನಾಲ್ಕು ಪದ ಹಿಡಿದರೆ ಹೆಚ್ಚು. ‘ಮಾತನಾಡಿಕೊಳ್ಳುತ್ತಿದ್ದವರಿಗೆ’ ಅಂತ ಒಂದು ಪದ ಬಂದರೆ ಅದು ಮುಂದಿನ ಸಾಲಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ದೊಡ್ಡ ಬಯಲು ಬೀಳುತ್ತದೆ. ಎಡಕ್ಕೆ ಹೊಂದಿಸಿದರೆ ಕಣ್ಣಿಗೆ ಎಷ್ಟೋ ಆರಾಮ.

ನಿಘಂಟಿನ ಬಗ್ಗೆ ಅತಿ ಆಸೆ ಬೇಡ. ಪದ ಮುಟ್ಟಿದರೆ ಅರ್ಥ ಬರುವುದು ಇಂಗ್ಲಿಷಿಗೆ ಚೆನ್ನಾಗಿ ನಡೆಯುತ್ತದೆ. ಕೆಒ ರೀಡರಿಗೆ ಕನ್ನಡ ನಿಘಂಟು ಸೇರಿಸಬಹುದು, ಆದರೆ ನಿಘಂಟಿನಲ್ಲಿ ಇರುವುದು ‘ಮನೆ’, ಪುಟದಲ್ಲಿ ಇರುವುದು ‘ಮನೆಯವರಿಂದಲೂ’. ಯಂತ್ರಕ್ಕೆ ಎರಡೂ ಬೇರೆ ಬೇರೆ ಪದ. ಬಾಲ ಅಳಿಸಿ ಹುಡುಕಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ

ಬಜೆಟ್ ಕಡಿಮೆ ಇದ್ದಾಗ ಇದು ಒಳ್ಳೆಯ ದಾರಿ, ಹೊಸ 167ರ ಬದಲು ಹಳೆಯ 300 ತಗೊಳ್ಳಿ ಅಂತಲೇ ನಾನು ಹೇಳುವುದು. ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಇ-ಇಂಕ್ ಪರದೆಯಲ್ಲಿ ವಿದ್ಯುತ್ ಇಲ್ಲದಿದ್ದರೂ ಚಿತ್ರ ನಿಲ್ಲುತ್ತದೆ ಅಂತ ಹೇಳಿದೆನಲ್ಲ, ಸತ್ತ ಯಂತ್ರವೂ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹತ್ತು ಪುಟ ತಿರುಗಿಸುವ ವಿಡಿಯೋ ಕೇಳಿ, ಸಾಧ್ಯವಾದರೆ ಎದುರು ಕೂತು ನೋಡಿ. ಒಂದೇ ಜಾಗದಲ್ಲಿ ಅಲ್ಲಾಡದ ಗೆರೆ ಇದ್ದರೆ ಒಳಗಿನ ಗಾಜು ಒಡೆದಿದೆ ಅಂತ ಅರ್ಥ. ಮೇಲೆ ಕೈಯಾಡಿಸಿದರೆ ನುಣ್ಣಗೇ ಇರುತ್ತದೆ, ಆದ್ದರಿಂದ ಮುಟ್ಟಿ ನೋಡಿ ಗೊತ್ತಾಗುವುದಿಲ್ಲ. ಮಾರುವವರು ನಿಮ್ಮ ಎದುರೇ ತಮ್ಮ ಖಾತೆ ತೆಗೆದು, ನೀವು ನಿಮ್ಮದನ್ನು ಸೇರಿಸಿ ನೋಡಿದ ಮೇಲೆ ದುಡ್ಡು ಕೊಡಿ.

ಬಿಸಿಲು ಮತ್ತು ಬಸ್ಸು

ಕಿಂಡಲ್‌ಗೆ ಕಂಪನಿ ಹೇಳಿರುವ ಬಳಕೆಯ ಉಷ್ಣಾಂಶದ ಮಿತಿ 0ರಿಂದ 35 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಎರಡೂ ಊರುಗಳಲ್ಲಿ ಮಧ್ಯಾಹ್ನ ಅದನ್ನು ದಾಟುತ್ತದೆ. ಆ ಹೊತ್ತಿನಲ್ಲಿ ನೆರಳಲ್ಲೇ ಓದಿ, ಸ್ಕೂಟರ್ ಡಿಕ್ಕಿಯಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ನೀರಿನ ಬಾಟಲಿ ಪಕ್ಕ ಪರದೆ ಒತ್ತುವ ಹಾಗೆ ಇಡಬೇಡಿ. ಗಟ್ಟಿ ಕವರ್ ಹಾಕಿ, ಮೆತ್ತನೆಯ ಪೌಚ್ ಸಾಲದು. ಬಸ್ಸಿನಲ್ಲಿ ಜನ ಒತ್ತಿದಾಗ ಒಡೆಯುವುದು ಒಳಗಿನ ಗಾಜು, ಅದಕ್ಕೆ ಹೊಸ ಪರದೆ ಹಾಕಿಸುವ ಖರ್ಚಿಗೆ ಇನ್ನೊಂದು ರೀಡರೇ ಬರುತ್ತದೆ.

ಅಪ್ಪನಿಗೆ ಎರಡನೇ ಸಲ ಕೊಟ್ಟದ್ದು ಸೆಕೆಂಡ್ ಹ್ಯಾಂಡ್, 6 ಇಂಚು, 300 ಪಿಪಿಐ, ಕೆಒ ರೀಡರ್ ಹಾಕಿದ್ದು. ಮೊದಲು ಪರೀಕ್ಷೆ ಫೈಲನ್ನೇ ತೆರೆದು ಕೊಟ್ಟೆ. ಅವರು ಹಳೇ ಅಭ್ಯಾಸದಂತೆ ಪ್ರತಿ ಪದದ ಕೆಳಗೆ ಬೆರಳು ಇಟ್ಟು, ಸ್ವಾತಂತ್ರ್ಯ, ರಾಷ್ಟ್ರ, ಸ್ತ್ರೀ ಅಂತ ಜೋರಾಗಿ ಓದಿದರು. ಮುಟ್ಟಿದಾಗ ಪುಟ ತಿರುಗಿಬಿಡುತ್ತಿತ್ತು, ಅದಕ್ಕೆ ಮಧ್ಯಭಾಗ ಮುಟ್ಟಿದರೆ ಪುಟ ತಿರುಗದ ಹಾಗೆ ಹೊಂದಿಸಿಕೊಟ್ಟು ಬಂದೆ.